ಒಂದೇ ನೇಮ್ ಇರುವ ಚೆಕ್‌ಬಾಕ್ಸ್‌ಗಳನ್ನು ಒಟ್ಟಿಗೆ ಹಿಡಿಯುವುದು ಹೇಗೆ? (ಜಾವಾಸ್ಕ್ರಿಪ್ಟ್)

ಪೆರ್ಲದವ
ಎಲ್ಲರಿಗೂ ನಮಸ್ಕಾರ. ಈ ರಜೆಯಲ್ಲಿ ನಮ್ಮ ಎಣ್ಮಕಜೆ ಪಂಚಾಯತಿನ ಮಕ್ಕಳಿಗೆ ಯಕ್ಷಗಾನ ಶಿಬಿರ ಉಂಟು. ಅದರ ನೋಂದಣಿಗೆ ಒಂದು ವೆಬ್ ಫಾರ್ಮ್ ಮಾಡುತ್ತಿದ್ದೇನೆ. ಅದರಲ್ಲಿ ಎರಡು ಚೆಕ್‌ಬಾಕ್ಸ್ ಗುಂಪು. ಮೊದಲನೆಯದು ಏನು ಕಲಿಯಬೇಕು ಅಂತ: ನಾಟ್ಯ, ಭಾಗವತಿಕೆ, ಚೆಂಡೆ, ಮದ್ದಳೆ, ಅರ್ಥಗಾರಿಕೆ, ಬಣ್ಣಗಾರಿಕೆ. ಎರಡನೆಯದು ಯಾವ ದಿನ ಬರಬಹುದು ಅಂತ, ಸೋಮವಾರದಿಂದ ಶನಿವಾರದವರೆಗೆ. ಮೊದಲ ಗುಂಪಿನ ಎಲ್ಲ ಬಾಕ್ಸ್‌ಗಳ ನೇಮ್ ಕಲಿಕೆ[], ಎರಡನೆಯದರದ್ದು ದಿನ[]. ಸರ್ವರಿನಲ್ಲಿ ಪಿಎಚ್‌ಪಿ ಇರುವುದರಿಂದ ಕೊನೆಯ ಚೌಕ ಬ್ರಾಕೆಟ್ ಬಿಡುವ ಹಾಗಿಲ್ಲ.

ಪ್ರತಿ ಗುಂಪಿನ ಮೇಲೆ "ಎಲ್ಲವೂ" ಅಂತ ಒಂದು ಬಾಕ್ಸ್ ಬೇಕು. ಅದನ್ನು ಒತ್ತಿದರೆ ಆ ಗುಂಪಿನದ್ದು ಮಾತ್ರ ಟಿಕ್ ಆಗಬೇಕು. ಟೈಪ್ ಹೇಳಿ ಹುಡುಕಿದರೆ ಎರಡೂ ಗುಂಪು ಒಟ್ಟಿಗೆ ಸಿಗುತ್ತದೆ, ಚೆಂಡೆಯ ಜೊತೆ ಗುರುವಾರವೂ ಟಿಕ್ ಆಗಿ ಕೂರುತ್ತದೆ. ನೇಮ್ ಹೇಳಿ ಹುಡುಕಿದರೆ ಕನ್ಸೋಲ್‌ನಲ್ಲಿ ಸೆಲೆಕ್ಟರ್ (ಯಾವ ಬಾಕ್ಸ್ ಬೇಕು ಅಂತ ಬ್ರೌಸರ್‌ಗೆ ಹೇಳುವ ಮಾತು) ಸರಿಯಿಲ್ಲ ಅಂತ ಕೆಂಪು ಅಕ್ಷರ, ಮುಂದಿನ ಯಾವ ಸಾಲೂ ಓಡುವುದಿಲ್ಲ. ನಾನು ಬರೆದದ್ದು ಇದು:

ಡಾಕ್ಯುಮೆಂಟ್.ಕ್ವೆರಿಸೆಲೆಕ್ಟರ್‌ಆಲ್('ಇನ್‌ಪುಟ್[ನೇಮ್=ಕಲಿಕೆ[]]')

(ನಮ್ಮ ಗುಂಪಿನ ನಿಯಮದಂತೆ ಕೋಡನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಇನ್‌ಪುಟ್, ನೇಮ್ ಇವೆಲ್ಲ ಫೈಲಿನಲ್ಲಿ ಇಂಗ್ಲಿಷಿನಲ್ಲೇ ಉಂಟು. ಆದರೆ ಕಲಿಕೆ, ದಿನ ಎಂಬ ಹೆಸರುಗಳು ಫೈಲಿನಲ್ಲೂ ಕನ್ನಡವೇ.)

ಉಪ್ಪಳ ಕೋಡರ್
ಕೋಟ್ಸ್ ಹಾಕಿ ಮಾರಾಯ್ರೆ. ನೇಮ್="ಕಲಿಕೆ[]" ಅಂತ, ಒಳಗೆ ಡಬಲ್ ಕೋಟ್ಸ್, ಹೊರಗೆ ಸಿಂಗಲ್. ಅಷ್ಟೇ.

ಪೆರ್ಲದವ
ಅರೆ, ಆಯ್ತು! ಆದರೆ ಯಾಕೆ? ಬೇರೆ ಕಡೆ ಕೋಟ್ಸ್ ಇಲ್ಲದೆ ನಡೆಯುತ್ತದೆ, ಟೈಪ್=ಚೆಕ್‌ಬಾಕ್ಸ್ ಅಂತ ಬರೆದರೆ ಏನೂ ತಕರಾರಿಲ್ಲ.

ಮಧೂರು ಮೇಷ್ಟ್ರು
ಸೆಲೆಕ್ಟರಿನ ಭಾಷೆಯಲ್ಲಿ ಚೌಕ ಬ್ರಾಕೆಟ್‌ಗೆ ಅದರದ್ದೇ ಕೆಲಸ ಉಂಟು. "ಇಲ್ಲಿಂದ ಗುಣದ (ಆಟ್ರಿಬ್ಯೂಟ್) ಹೆಸರು ಶುರು, ಇಲ್ಲಿಗೆ ಮುಗಿಯಿತು" ಅಂತ ಹೇಳುವುದೇ ಅದು. ಕೋಟ್ಸ್ ಇಲ್ಲದಿದ್ದರೆ ಬೆಲೆಯ (ವ್ಯಾಲ್ಯೂ) ಜಾಗದಲ್ಲಿ ಸಾದಾ ಪದ ಮಾತ್ರ ಬರಬಹುದು: ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್ ಇರುವಂಥದ್ದು, ಅದೂ ಅಂಕಿಯಿಂದ ಶುರುವಾಗಬಾರದು. ಟೈಪ್=ಚೆಕ್‌ಬಾಕ್ಸ್ ಸಾದಾ ಪದ, ಹಾಗಾಗಿ ದಾಟಿಹೋಯಿತು. ಕಲಿಕೆ[] ಹಾಗಲ್ಲ, ಒಳಗಿನ ಬ್ರಾಕೆಟ್ ಕಂಡ ಕೂಡಲೇ ಬ್ರೌಸರ್‌ಗೆ ಲೆಕ್ಕ ತಪ್ಪುತ್ತದೆ. ಕೋಟ್ಸ್ ಒಳಗಿಟ್ಟರೆ ಅದು ಬರೀ ಅಕ್ಷರಗಳ ಸಾಲು, ಏನು ಬೇಕಾದರೂ ಇರಬಹುದು. ಮಕ್ಕಳಿಗೆ ಹೇಳಿಕೊಡುವಾಗ ನಾನು ಯಾವಾಗಲೂ ಕೋಟ್ಸ್ ಹಾಕಿಯೇ ಬರೆಸುತ್ತೇನೆ. ಎಲ್ಲಿ ಬೇಕು ಎಲ್ಲಿ ಬೇಡ ಅಂತ ನೆನಪಿಡುವ ರಗಳೆ ಯಾಕೆ?

ನೇಮ್ ಎಲ್ಲಿಂದಲೋ ಬರುವ ವೇರಿಯೇಬಲ್ ಆಗಿದ್ದು, ಅದರಲ್ಲೇ ಕೋಟ್ಸ್ ಇರುವ ಸಾಧ್ಯತೆ ಇದ್ದರೆ ಸಿಎಸ್‌ಎಸ್.ಎಸ್ಕೇಪ್ ಅಂತ ಒಂದು ಫಂಕ್ಷನ್ ಉಂಟು, ಅದರ ಮೂಲಕ ದಾಟಿಸಿ.

ಬದಿಯಡ್ಕ ಭಾವ
ಇಷ್ಟೆಲ್ಲ ಯಾಕೆ, ಗೆಟ್‌ಎಲಿಮೆಂಟ್ಸ್‌ಬೈನೇಮ್ ಇರುವುದೇ ಇದಕ್ಕಲ್ವಾ? ಡಾಕ್ಯುಮೆಂಟ್.ಗೆಟ್‌ಎಲಿಮೆಂಟ್ಸ್‌ಬೈನೇಮ್('ಕಲಿಕೆ[]'). ಸೆಲೆಕ್ಟರ್ ಇಲ್ಲ, ಹಾಗಾಗಿ ಬ್ರಾಕೆಟ್ ತಕರಾರೂ ಇಲ್ಲ. ಹಳೆಯ ಕಾಲದಿಂದ ಇದೆ, ಎಲ್ಲ ಬ್ರೌಸರ್‌ನಲ್ಲೂ ನಡೆಯುತ್ತದೆ.

ಹೊಸೂರಕ್ಕ
ಭಾವ, ನಡೆಯುತ್ತದೆ ನಿಜ, ಆದರೆ ಎರಡು ಮಾತು. ಒಂದು, ಅದು ಡಾಕ್ಯುಮೆಂಟ್ ಮೇಲೆ ಮಾತ್ರ ಇರುವುದು. ಒಂದು ಫಾರ್ಮ್ ಒಳಗೆ ಮಾತ್ರ ಹುಡುಕು ಅಂತ ಹೇಳಲು ಬರುವುದಿಲ್ಲ. ಒಂದೇ ಪುಟದಲ್ಲಿ ಮಕ್ಕಳ ಫಾರ್ಮ್, ದೊಡ್ಡವರ ಫಾರ್ಮ್ ಅಂತ ಎರಡಿದ್ದು ಎರಡರಲ್ಲೂ ದಿನ[] ಇದ್ದರೆ ಎಲ್ಲವೂ ಒಟ್ಟಿಗೆ ಬರುತ್ತದೆ. ಎರಡನೆಯದು, ಅದು ಕೊಡುವ ಪಟ್ಟಿ ಲೈವ್. ಪುಟ ಬದಲಾದ ಹಾಗೆ ಪಟ್ಟಿಯೂ ಬದಲಾಗುತ್ತದೆ. ಲೂಪ್‌ನಲ್ಲಿ ಸೊನ್ನೆಯಿಂದ ಎಣಿಸುತ್ತಾ ಒಂದೊಂದೇ ಬಾಕ್ಸ್ ತೆಗೆದುಹಾಕಲು ಹೋಗಿ ನೋಡಿ. ಮೊದಲನೆಯದು ಹೋದ ಕೂಡಲೇ ಎರಡನೆಯದು ಅದರ ಜಾಗಕ್ಕೆ ಬಂದಿರುತ್ತದೆ, ನಿಮ್ಮ ಎಣಿಕೆ ಮಾತ್ರ ಒಂದಕ್ಕೆ ಏರಿರುತ್ತದೆ, ಹೀಗೆ ಒಂದು ಬಿಟ್ಟು ಒಂದು ಉಳಿದುಬಿಡುತ್ತದೆ. ಕ್ವೆರಿಸೆಲೆಕ್ಟರ್‌ಆಲ್ ಕೊಡುವ ಪಟ್ಟಿ ಆ ಕ್ಷಣದ್ದು, ಆಮೇಲೆ ಅಲುಗಾಡುವುದಿಲ್ಲ.

ಬದಿಯಡ್ಕ ಭಾವ
ಸುಮ್ನೆ ಟಿಕ್ ಹಾಕಲು ಲೈವ್ ಆದರೇನು, ಅಲ್ಲದಿದ್ದರೇನು ಅಕ್ಕ? ಆಮೇಲೆ ಹೊಸ ಬಾಕ್ಸ್ ಸೇರಿಸಿದರೆ ಲೈವ್ ಪಟ್ಟಿಯೇ ಒಳ್ಳೆಯದು, ಮತ್ತೆ ಹುಡುಕಬೇಕಾಗಿಲ್ಲ.

ಹೊಸೂರಕ್ಕ
ಆ ಲಾಭ ಇದೆ, ಒಪ್ಪಿದೆ. ಆದರೆ ತಂಡದಲ್ಲಿ ಬೇರೆಯವರು ಓದುವ ಕೋಡ್ ಆದರೆ ನಾನು ಲೈವ್ ಪಟ್ಟಿಯನ್ನು ವೇರಿಯೇಬಲ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ನೋಡಿದರೆ ಎರಡೂ ನೋಡ್‌ಲಿಸ್ಟ್, ಎರಡಕ್ಕೂ ಫಾರ್‌ಈಚ್ ಇದೆ, ಯಾವುದು ಲೈವ್ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ.

ಕುಂಬ್ಳೆ ಕಡಲು
ಜೆಕ್ವೆರಿ ಹಾಕಿ. ಒಂದೇ ಸಾಲು.

ಉಪ್ಪಳ ಕೋಡರ್
ಆ ಒಂದು ಸಾಲಿಗಾಗಿ ಇಡೀ ಲೈಬ್ರರಿ ಇಳಿಸಬೇಕಾ? ಪೆರ್ಲದ ಒಳಗಿನ ಊರುಗಳಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಿಮಗೂ ಗೊತ್ತಲ್ಲ. 2006ರಲ್ಲಿ ಜೆಕ್ವೆರಿ ಬಂದಾಗ ಒಂದೊಂದು ಬ್ರೌಸರ್ ಒಂದೊಂದು ರೀತಿ ಇತ್ತು, ಆಗ ಅದು ದೊಡ್ಡ ಉಪಕಾರ. ಈಗ ಅದು ಮಾಡುವುದನ್ನು ಬ್ರೌಸರೇ ಮಾಡುತ್ತದೆ. ಅಲ್ಲಿಯೂ ಈ ಬ್ರಾಕೆಟ್‌ಗೆ ಕೋಟ್ಸ್ ಬೇಕೇ ಬೇಕು, ಅದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕುಂಬ್ಳೆ ಕಡಲು
ನಾನು ನೋಡಿಕೊಳ್ಳುವ ಸೈಟ್‌ಗಳಲ್ಲಿ ಜೆಕ್ವೆರಿ ಮೊದಲೇ ಉಂಟು, ಹೊಸದಾಗಿ ಇಳಿಸಬೇಕಾಗಿಲ್ಲ. ಅಂಥವರಿಗೆ ಹೇಳಿದ್ದು. ಜೆಕ್ವೆರಿ ಬಳಸುವವರು ಇದೊಂದು ಗಮನಿಸಿ: ಟಿಕ್ ಹಾಕಲು ಆಟ್ರ್ ಅಲ್ಲ, ಪ್ರಾಪ್ ಬಳಸಿ. 2011ರ 1.6 ಆವೃತ್ತಿಯಲ್ಲಿ ಎರಡನ್ನೂ ಬೇರೆ ಮಾಡಿದರು. ನೆಟ್‌ನಲ್ಲಿ ಸಿಗುವ ಹಳೆಯ ಉತ್ತರಗಳಲ್ಲಿ ಇನ್ನೂ ಆಟ್ರ್ ಇರುತ್ತದೆ. ಜನ ಒಮ್ಮೆ ಕೈಯಿಂದ ಟಿಕ್ ತೆಗೆದ ಮೇಲೆ ಅದು ಕೆಲಸ ಮಾಡುವುದಿಲ್ಲ.

ಮಧೂರು ಮೇಷ್ಟ್ರು
ಇದೇ ಗೊಂದಲ ಸಾದಾ ಜಾವಾಸ್ಕ್ರಿಪ್ಟಿನಲ್ಲೂ ಉಂಟು. ಟಿಕ್ ಆದದ್ದನ್ನು ಮಾತ್ರ ಹಿಡಿಯಲು ಕೆಲವರು [ಚೆಕ್ಡ್] ಅಂತ ಬ್ರಾಕೆಟ್‌ನಲ್ಲಿ ಬರೆಯುತ್ತಾರೆ. ಅದು ಎಚ್‌ಟಿಎಂಎಲ್ ಬರೆಯುವಾಗ ಯಾವುದಕ್ಕೆ ಟಿಕ್ ಕೊಟ್ಟಿದ್ದಿರಿ ಅಂತ ನೋಡುತ್ತದೆಯೇ ಹೊರತು ಈಗ ಪರದೆಯ ಮೇಲೆ ಏನಿದೆ ಅಂತ ಅಲ್ಲ. ಈಗಿನ ಸ್ಥಿತಿ ಬೇಕಾದರೆ ಕೋಲನ್ ಹಾಕಿ :ಚೆಕ್ಡ್ ಅಂತ ಬರೆಯಬೇಕು. ಪೂರ್ತಿ ಸೆಲೆಕ್ಟರ್ ಹೀಗೆ:

ಇನ್‌ಪುಟ್[ನೇಮ್="ಕಲಿಕೆ[]"]:ಚೆಕ್ಡ್

ಆದೋನಿ ಹತ್ತಿ
ಫಾರ್ಮ್.ಎಲಿಮೆಂಟ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಫಾರ್ಮ್.ಎಲಿಮೆಂಟ್ಸ್['ಕಲಿಕೆ[]'] ಅಂದರೆ ಆ ಫಾರ್ಮಿನದ್ದು ಮಾತ್ರ ಸಿಗುತ್ತದೆ, ಸೆಲೆಕ್ಟರ್ ಕಲಿಯಬೇಕಾಗಿಲ್ಲ. ಫಾರ್ಮ್ ಟ್ಯಾಗ್‌ನ ಹೊರಗಿದ್ದು ಫಾರ್ಮ್ ಆಟ್ರಿಬ್ಯೂಟ್‌ನಿಂದ ಸೇರಿಸಿದ ಬಾಕ್ಸ್ ಕೂಡ ಬರುತ್ತದೆ. ಫಾರ್ಮ್.ಕ್ವೆರಿಸೆಲೆಕ್ಟರ್‌ಆಲ್ ಅಂತ ಹುಡುಕಿದರೆ ಅದು ಕಾಣುವುದಿಲ್ಲ.

ಆದರೆ ಇದರಲ್ಲಿ ಒಂದು ತೊಡಕು ಇದೆ. ನಮ್ಮ ಕಡೆ ಹತ್ತಿ ವ್ಯಾಪಾರದವರಿಗೆ ಲಾಟ್‌ಗಳ ಪಟ್ಟಿ ತೋರಿಸುವ ಪುಟ ಇತ್ತು. ಪ್ರತಿ ಲಾಟ್‌ಗೆ ಒಂದು ಚೆಕ್‌ಬಾಕ್ಸ್, ನೇಮ್ ಎಲ್ಲಕ್ಕೂ ಒಂದೇ. ಸೀಸನ್ನಿನಲ್ಲಿ ಚೆನ್ನಾಗಿ ನಡೆಯಿತು. ಸೀಸನ್ ಮುಗಿಯುತ್ತ ಬಂದಾಗ ಒಂದು ದಿನ ಪಟ್ಟಿಯಲ್ಲಿ ಒಂದೇ ಲಾಟ್, ಆವತ್ತು "ಎಲ್ಲವೂ" ಬಾಕ್ಸ್ ಸತ್ತುಹೋಯಿತು. ಕಾರಣ: ಆ ನೇಮ್‌ನದ್ದು ಎರಡೋ ಜಾಸ್ತಿಯೋ ಇದ್ದರೆ ರೇಡಿಯೋನೋಡ್‌ಲಿಸ್ಟ್ ಎಂಬ ಪಟ್ಟಿ ಸಿಗುತ್ತದೆ, ಒಂದೇ ಇದ್ದರೆ ಪಟ್ಟಿ ಇಲ್ಲ, ನೇರ ಆ ಬಾಕ್ಸೇ ಕೈಗೆ ಬರುತ್ತದೆ, ಒಂದೂ ಇಲ್ಲದಿದ್ದರೆ ಅನ್‌ಡಿಫೈನ್ಡ್. ಒಂಟಿ ಬಾಕ್ಸ್‌ಗೆ ಫಾರ್‌ಈಚ್ ಎಲ್ಲಿಂದ ಬರಬೇಕು? ಡೇಟಾಬೇಸಿನಿಂದ ಪಟ್ಟಿ ತರುವವರು ಇದನ್ನು ಒಂದು, ಸೊನ್ನೆ ಎರಡಕ್ಕೂ ಪರೀಕ್ಷೆ ಮಾಡಲೇಬೇಕು. ನಾವು ಕೊನೆಗೆ ಕ್ವೆರಿಸೆಲೆಕ್ಟರ್‌ಆಲ್‌ಗೆ ಬಂದೆವು. ಅದು ಒಂದಿರಲಿ, ಇಲ್ಲದಿರಲಿ, ಯಾವಾಗಲೂ ಪಟ್ಟಿಯನ್ನೇ ಕೊಡುತ್ತದೆ.

ಇನ್ನೊಂದು ಮಾತು. ಆ ರೇಡಿಯೋನೋಡ್‌ಲಿಸ್ಟ್‌ಗೆ ವ್ಯಾಲ್ಯೂ ಅಂತ ಇದೆ. ರೇಡಿಯೋ ಬಟನ್ ಆದರೆ ಆರಿಸಿದ ಬೆಲೆ ಸಿಗುತ್ತದೆ. ಚೆಕ್‌ಬಾಕ್ಸ್ ಗುಂಪಿಗೆ ಖಾಲಿ ಸ್ಟ್ರಿಂಗ್.

ಪೆರ್ಲದವ
ಇದು ಬಹಳ ಉಪಯೋಗಕ್ಕೆ ಬರುವ ಮಾಹಿತಿ. ಒಂದು ವಾರ ಒಂದೇ ದಿನ ಶಿಬಿರ ಇಟ್ಟರೆ ನನ್ನ ದಿನ[] ಗುಂಪಿಗೂ ಅದೇ ಗತಿ ಆಗುತ್ತಿತ್ತು.

ಅಕ್ಕಲಕೋಟ ಗೆಳೆಯ
ಸರ್, ನಾನು ಬೇರೆ ಹೇಳ್ತೇನೆ. ನೇಮ್ ಹಿಡಿದು ಹುಡುಕುವುದೇ ಬೇಡ. ನೇಮ್ ಸರ್ವರ್‌ಗೆ ಸೇರಿದ್ದು. ನಾಳೆ ಸರ್ವರಿನವರು ಹೆಸರು ಬದಲಿಸಿದರೆ ನಿಮ್ಮ ಜಾವಾಸ್ಕ್ರಿಪ್ಟ್ ಮುರಿಯುತ್ತದೆ. ಪ್ರತಿ ಬಾಕ್ಸ್‌ಗೆ ಒಂದು ಕ್ಲಾಸ್ ಕೊಡಿ, ಅದನ್ನೇ ಹಿಡಿಯಿರಿ.

ಉಪ್ಪಳ ಕೋಡರ್
ಕ್ಲಾಸ್ ಅಂದರೆ ವಿನ್ಯಾಸ ಮಾಡುವವರು ಬಂದು ಬದಲಿಸುತ್ತಾರೆ. ಅದಕ್ಕಿಂತ ನೇಮ್ ಗಟ್ಟಿ, ಅದನ್ನು ಯಾರೂ ಸುಮ್ಮಸುಮ್ಮನೆ ಮುಟ್ಟುವುದಿಲ್ಲ. ಗುಂಪು ಅಂತ ಹೇಳಲು ಒಂದು ಹೆಸರು ಆಗಲೇ ಇರುವಾಗ ಅದೇ ಮಾತನ್ನು ಇನ್ನೊಂದು ಕಡೆ ಬರೆದಿಡುವುದು ಎರಡು ಲೆಕ್ಕಪುಸ್ತಕ ಇಟ್ಟ ಹಾಗೆ, ಇವತ್ತಲ್ಲ ನಾಳೆ ಎರಡೂ ತಾಳೆಯಾಗುವುದಿಲ್ಲ.

ಅಕ್ಕಲಕೋಟ ಗೆಳೆಯ
ಕ್ಲಾಸ್ ಬೇಡ ಅಂದರೆ ಡೇಟಾ ಆಟ್ರಿಬ್ಯೂಟ್ ಕೊಡಿ. ನನ್ನ ಮಾತು ಇಷ್ಟೇ, ಕೆಲವು ಫ್ರೇಮ್‌ವರ್ಕ್‌ಗಳಲ್ಲಿ ನೇಮ್ ನಮ್ಮ ಕೈಯಲ್ಲೇ ಇರುವುದಿಲ್ಲ. ರೇಲ್ಸ್ ನೋಡ್ರಿ, ಟಿಕ್ ಮಾಡದ ಬಾಕ್ಸ್ ಸರ್ವರ್‌ಗೆ ಹೋಗುವುದೇ ಇಲ್ಲ ಅಂತ ಅದೇ ನೇಮ್‌ನಲ್ಲಿ ಒಂದು ಹಿಡನ್ ಇನ್‌ಪುಟ್ ಸೇರಿಸುತ್ತದೆ. ಎಎಸ್‌ಪಿ ಡಾಟ್ ನೆಟ್ ಎಂವಿಸಿಯಲ್ಲೂ ಹಾಗೇ. ನೇಮ್ ಒಂದನ್ನೇ ಹಿಡಿದರೆ ಆ ಹಿಡನ್ ಕೂಡ ಪಟ್ಟಿಯಲ್ಲಿ ಬರುತ್ತದೆ, ಎಣಿಸಿದರೆ ತಪ್ಪು ಲೆಕ್ಕ.

ಉಪ್ಪಳ ಕೋಡರ್
ಅದಕ್ಕೆ ಟೈಪ್ ಕೂಡ ಸೇರಿಸಿದರಾಯ್ತಲ್ಲ, ಇನ್‌ಪುಟ್[ಟೈಪ್="ಚೆಕ್‌ಬಾಕ್ಸ್"][ನೇಮ್="ಕಲಿಕೆ[]"]. ಎರಡು ಬ್ರಾಕೆಟ್ ಪಕ್ಕಪಕ್ಕ ಬರೆಯಬಹುದು, ನಡುವೆ ಜಾಗ ಬಿಡಬಾರದು. ಹಿಡನ್ ಇನ್‌ಪುಟ್ ವಿಷಯ ಹೇಳಿದ್ದು ಒಳ್ಳೆಯದಾಯಿತು.

ಹೊಸೂರಕ್ಕ
ನೀವಿಬ್ಬರೂ ಜಗಳ ನಿಲ್ಲಿಸಿ, ಫೀಲ್ಡ್‌ಸೆಟ್ ಯಾಕೆ ಬಳಸಬಾರದು? ಗುಂಪಿಗೆ ಒಂದು ಫೀಲ್ಡ್‌ಸೆಟ್, ಅದಕ್ಕೆ ಲೆಜೆಂಡ್, ಒಳಗೆ ಬಾಕ್ಸ್‌ಗಳು. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಲೆಜೆಂಡ್ ಓದಿ ಹೇಳುತ್ತದೆ, ಆಗ "ಮದ್ದಳೆ, ಟಿಕ್ ಆಗಿಲ್ಲ" ಅಂತ ಕೇಳಿದವರಿಗೆ ಅದು ಯಾವ ಪ್ರಶ್ನೆಗೆ ಉತ್ತರ ಅಂತ ತಿಳಿಯುತ್ತದೆ. ಎಷ್ಟೋ ಫಾರ್ಮ್‌ಗಳಲ್ಲಿ ಇದನ್ನು ಬಿಟ್ಟಿರುತ್ತಾರೆ, ನೋಡಿದರೆ ಬೇಜಾರಾಗುತ್ತದೆ. ಲೇಬಲ್ ಕೂಡ ಬಿಡಬೇಡಿ. ಫೋನಿನಲ್ಲಿ ಆ ಸಣ್ಣ ಚೌಕವನ್ನೇ ಬೆರಳಲ್ಲಿ ಒತ್ತುವುದು ಅಜ್ಜಂದಿರಿಗೆ ಕಷ್ಟ, ಲೇಬಲ್ ಇದ್ದರೆ ಪದ ಒತ್ತಿದರೂ ಟಿಕ್ ಆಗುತ್ತದೆ.

ಕೋಡಿಗೂ ಸುಲಭ. ಚೇಂಜ್ ಘಟನೆಯನ್ನು ಒಂದೊಂದು ಬಾಕ್ಸ್‌ಗೆ ಕಟ್ಟಬೇಕಾಗಿಲ್ಲ, ಫೀಲ್ಡ್‌ಸೆಟ್‌ಗೆ ಒಂದೇ ಕಟ್ಟಿದರೆ ಸಾಕು. ಒಳಗಿನ ಚೇಂಜ್ ಮೇಲಕ್ಕೆ ಏರಿ ಬರುತ್ತದೆ, ಈವೆಂಟ್.ಟಾರ್ಗೆಟ್ ನೋಡಿದರೆ ಯಾವ ಬಾಕ್ಸ್ ಅಂತ ಗೊತ್ತಾಗುತ್ತದೆ. "ಎಲ್ಲವೂ" ಬಾಕ್ಸ್ ಬದಲಾದರೆ ಉಳಿದವಕ್ಕೆ ಅದರ ಚೆಕ್ಡ್ ಬೆಲೆ ಕೊಡಿ. ಉಳಿದವು ಬದಲಾದರೆ ಎಷ್ಟು ಟಿಕ್ ಆಗಿದೆ ಎಣಿಸಿ. ಎಲ್ಲವೂ ಆಗಿದ್ದರೆ ಮೇಲಿನದ್ದಕ್ಕೂ ಟಿಕ್, ಒಂದೂ ಇಲ್ಲದಿದ್ದರೆ ಖಾಲಿ, ನಡುವೆ ಇದ್ದರೆ ಇಂಡಿಟರ್ಮಿನೇಟ್ ಟ್ರೂ ಮಾಡಿ, ಆಗ ಒಂದು ಸಣ್ಣ ಅಡ್ಡಗೆರೆ ಕಾಣುತ್ತದೆ. ಆ ಸ್ಥಿತಿ ಎಚ್‌ಟಿಎಂಎಲ್‌ನಿಂದ ಬರುವುದಿಲ್ಲ, ಜಾವಾಸ್ಕ್ರಿಪ್ಟ್‌ನಿಂದಲೇ ಕೊಡಬೇಕು.

ತಾಳವಾಡಿ ಹುಡುಗ
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೋಡಿನಿಂದ ಟಿಕ್ ಹಾಕಿದರೆ ಚೇಂಜ್ ಘಟನೆ ಹುಟ್ಟುವುದಿಲ್ಲ. ಬೇರೆ ಯಾರಾದರೂ ಆ ಚೇಂಜ್‌ಗೆ ಕಾಯುತ್ತಿದ್ದರೆ, ಉದಾಹರಣೆಗೆ ಕೆಳಗೆ ಒಟ್ಟು ಶುಲ್ಕ ತೋರಿಸುವ ಜಾಗ, ಅದು ಹಳೆಯ ಮೊತ್ತವನ್ನೇ ತೋರಿಸುತ್ತಾ ಇರುತ್ತದೆ. ಆಗ ಡಿಸ್ಪ್ಯಾಚ್‌ಈವೆಂಟ್ ಬಳಸಿ ನಾವೇ ಕಳಿಸಬೇಕು, ಬಬಲ್ಸ್ ಟ್ರೂ ಅಂತ ಕೊಟ್ಟು.

ಪೆರ್ಲದವ
"ಎಲ್ಲವೂ" ಬಾಕ್ಸ್‌ಗೆ ನೇಮ್ ಏನು ಕೊಡಲಿ?

ತಾಳವಾಡಿ ಹುಡುಗ
ಕೊಡಲೇಬೇಡಿ. ನೇಮ್ ಇಲ್ಲದ ಬಾಕ್ಸ್ ಸರ್ವರ್‌ಗೆ ಹೋಗುವುದಿಲ್ಲ, ಗುಂಪಿನ ಸೆಲೆಕ್ಟರ್‌ಗೂ ಸಿಗುವುದಿಲ್ಲ. ಕಲಿಕೆ[] ಅಂತಲೇ ಕೊಟ್ಟರೆ ಪಿಎಚ್‌ಪಿಯ ಪಟ್ಟಿಯಲ್ಲಿ "ಆನ್" ಅಂತ ಒಂದು ಜಾಸ್ತಿ ಬರುತ್ತದೆ. ವ್ಯಾಲ್ಯೂ ಕೊಡದ ಚೆಕ್‌ಬಾಕ್ಸ್ ಕಳಿಸುವುದು ಅದನ್ನೇ.

ಮೀಂಜದ ಮಗಳು
ವಿಷಯ ಬಿಟ್ಟು ಒಂದು ಪ್ರಶ್ನೆ. ಲೇಬಲ್‌ಗಳು ಕನ್ನಡದಲ್ಲಿ ಮಾತ್ರವಾ, ಮಲಯಾಳದಲ್ಲೂ ಉಂಟಾ? ನಮ್ಮ ಶಾಲೆಯ ಮಕ್ಕಳು ಯಕ್ಷಗಾನಕ್ಕೆ ಬರುವಾಗ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮರಾಠಿ ಏನೂ ಇರಬಹುದು, ಆದರೆ ಫಾರ್ಮ್ ತುಂಬುವ ಅಪ್ಪ ಅಮ್ಮನಿಗೆ ಓದಲು ಬರುವುದು ಒಂದೋ ಕನ್ನಡ, ಇಲ್ಲ ಮಲಯಾಳ.

ಪೆರ್ಲದವ
ಎರಡೂ ಹಾಕುತ್ತಿದ್ದೇನೆ. ಪ್ರತಿ ಲೇಬಲ್‌ಗೆ ಲ್ಯಾಂಗ್ ಆಟ್ರಿಬ್ಯೂಟ್ ಬೇರೆ ಬೇರೆ.

ಮೀಂಜದ ಮಗಳು
ಬಹಳ ಸಂತೋಷ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡದವರು ತಮಗೆ ಓದಲು ಬಾರದ ಫಾರ್ಮ್ ಹಿಡಿದು ಯಾರನ್ನೋ ಕೇಳಿ ತುಂಬಿಸಿದ್ದು ಎಷ್ಟೋ. ನಾವು ಮಾಡುವ ಫಾರ್ಮ್ ಆದರೂ ಇನ್ನೊಬ್ಬರಿಗೆ ಹಾಗೆ ಆಗಬಾರದು.

ತಾಳವಾಡಿ ಹುಡುಗ
ನಮ್ಮ ಕಡೆ ತಮಿಳಿನದ್ದು ಇದೇ ಕಥೆ. ಮನೆಯಲ್ಲಿ ಕನ್ನಡ, ಕಾಗದದಲ್ಲಿ ತಮಿಳು.

ಕುಂಬ್ಳೆ ಕಡಲು
ಶಿಬಿರದಲ್ಲಿ ಅರ್ಥಗಾರಿಕೆಯೂ ಇಟ್ಟದ್ದು ಒಳ್ಳೆಯದಾಯಿತು. ಯಕ್ಷಗಾನ ಕವಿ ಪಾರ್ತಿಸುಬ್ಬ ನಮ್ಮ ಕುಂಬಳೆಯವನು, ಅವನ ಊರಿನ ಮಕ್ಕಳಿಗೆ ಬರೀ ಕುಣಿತ ಕಲಿಸಿ ಕಳಿಸಿದರೆ ಹೇಗೆ? ಬಡಗುತಿಟ್ಟಿನ (ಉತ್ತರದ ಶೈಲಿಯ) ಕಲಾವಿದರನ್ನೂ ಕರೆಸುತ್ತೀರಾ?

ಬದಿಯಡ್ಕ ಭಾವ
ನಮ್ಮ ತೆಂಕುತಿಟ್ಟು (ದಕ್ಷಿಣದ ಶೈಲಿ) ಮೊದಲು ಗಟ್ಟಿಯಾಗಲಿ ಮಾರಾಯ್ರೆ. ಬಡಗಿನ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಚೆಕ್‌ಬಾಕ್ಸ್ ಮುಗಿಯಲಿ.

ಮಧೂರು ಮೇಷ್ಟ್ರು
ನೇಮ್ ಕನ್ನಡದಲ್ಲೇ ಇಟ್ಟಿದ್ದಾರಲ್ಲ, ಅದರ ಬಗ್ಗೆ ಹೇಳಬೇಕು. ಎಚ್‌ಟಿಎಂಎಲ್‌ನಲ್ಲಿ ಅದಕ್ಕೆ ಅಡ್ಡಿ ಇಲ್ಲ, ಫೈಲ್ ಯುಟಿಎಫ್-8 ಆಗಿದ್ದರೆ ಆಯಿತು. ನನಗೂ ಅದು ಇಷ್ಟ. ಆದರೆ ಕಣ್ಣಿಗೆ ಒಂದೇ ಕಂಡರೂ ಒಳಗೆ ಬೇರೆ ಇರುವ ಹೆಸರುಗಳು ಕನ್ನಡದಲ್ಲಿ ಸುಲಭವಾಗಿ ಆಗಿಬಿಡುತ್ತವೆ.

"ಕೋರ್ಸ್" ತೆಗೆದುಕೊಳ್ಳಿ. ಕ, ಓಕಾರ, ರ, ಹಲಂತ, ಸ, ಹಲಂತ. ಜಾವಾಸ್ಕ್ರಿಪ್ಟಿನಲ್ಲಿ ಲೆಂಗ್ತ್ ಕೇಳಿದರೆ 6. ಈಗ ಇನ್ನೊಬ್ಬರು ಅದನ್ನೇ ಟೈಪ್ ಮಾಡಿ ಕೊನೆಯ ಹಲಂತದ ಮೇಲೆ ಒಂದು ಜೀರೋ ವಿಡ್ತ್ ನಾನ್ ಜಾಯಿನರ್ ಸೇರಿತು ಅಂತಿಟ್ಟುಕೊಳ್ಳಿ. "ಕೋರ್ಸ್‌ಗೆ" ಅಂತ ಬರೆದು ಆಮೇಲೆ "ಗೆ" ಅಳಿಸಿದರೆ ಹಾಗೆ ಆಗುತ್ತದೆ. ಪರದೆಯಲ್ಲಿ ಒಂದು ಕೂದಲೆಳೆ ವ್ಯತ್ಯಾಸವೂ ಕಾಣುವುದಿಲ್ಲ, ಲೆಂಗ್ತ್ ಮಾತ್ರ 7. ಇನ್ನು ಓಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎ, ಊ, ದೀರ್ಘ ಅಂತ ಬಿಡಿಸಿದ ಮೂರು ಚಿಹ್ನೆಯಾಗಿಯೂ ಬರೆಯಬಹುದು. ಹಾಗೆ ಬಿಡಿಸಿದರೆ 8. ಮೂರೂ ನೋಡಲು "ಕೋರ್ಸ್". ಸೆಲೆಕ್ಟರ್ ಒಂದೊಂದು ಸಂಕೇತವನ್ನೂ ಹೋಲಿಸುತ್ತದೆ, ಕಣ್ಣಿನ ಹಾಗೆ ನೋಡುವುದಿಲ್ಲ. ಹಾಗಾಗಿ ಆರರಲ್ಲಿ ಒಂದು ಬಾಕ್ಸ್ ಮಾತ್ರ ಟಿಕ್ ಆಗದೆ ಉಳಿದರೆ ಯಾಕೆ ಅಂತ ತಲೆ ಕೆಡುತ್ತದೆ.

ಬಿಡಿಸಿದ ಓಕಾರವನ್ನು ನಾರ್ಮಲೈಜ್('ಎನ್‌ಎಫ್‌ಸಿ') ಒಂದುಗೂಡಿಸುತ್ತದೆ. ಆದರೆ ಆ ಕಾಣದ ಜಾಯಿನರ್ ಅದರಿಂದ ಹೋಗುವುದಿಲ್ಲ, ಬೇರೆಯಾಗಿ ರಿಪ್ಲೇಸ್ ಮಾಡಬೇಕು. ಕಲಿಕೆ, ದಿನ ಎರಡರಲ್ಲೂ ಕೊನೆಗೆ ಹಲಂತ ಇಲ್ಲ, ಓಕಾರವೂ ಇಲ್ಲ. ಆರಿಸಿದ ಹೆಸರು ಚೆನ್ನಾಗಿದೆ, ಹಾಗೇ ಇರಲಿ.

ಹೊಸೂರಕ್ಕ
ಮೇಷ್ಟ್ರೇ, ಇದು ಎಲ್ಲೂ ಓದಿರಲಿಲ್ಲ. ಕನ್ನಡದಲ್ಲಿ ಹುಡುಕಾಟದ ಪೆಟ್ಟಿಗೆ ಮಾಡುವವರಿಗೂ ಬೇಕಾದ್ದು.

ಅಕ್ಕಲಕೋಟ ಗೆಳೆಯ
ಕಳಿಸುವ ಹೊತ್ತಿಗೆ ಯಾವುದು ಟಿಕ್ ಆಗಿದೆ ಅಂತ ಓದಲು ಸೆಲೆಕ್ಟರೇ ಬೇಕಿಲ್ಲ. ಫಾರ್ಮ್‌ಡೇಟಾ ಮಾಡಿ ಗೆಟ್‌ಆಲ್('ಕಲಿಕೆ[]') ಅನ್ನಿ, ಟಿಕ್ ಆದವುಗಳ ಬೆಲೆ ಮಾತ್ರ ಅರೇ ಆಗಿ ಸಿಗುತ್ತದೆ. ಬರೀ ಗೆಟ್ ಅಂದರೆ ಮೊದಲನೆಯದು ಒಂದೇ ಬರುತ್ತದೆ. ಡಿಸೇಬಲ್ ಮಾಡಿದ ಬಾಕ್ಸ್ ಟಿಕ್ ಇದ್ದರೂ ಬರುವುದಿಲ್ಲ.

ಉಪ್ಪಳ ಕೋಡರ್
ಇದಕ್ಕೆ ನನ್ನದೂ ಒಪ್ಪಿಗೆ. ಓದಲು ಫಾರ್ಮ್‌ಡೇಟಾ, ಟಿಕ್ ಹಾಕಲು ಕ್ವೆರಿಸೆಲೆಕ್ಟರ್‌ಆಲ್.

ಮೀಂಜದ ಮಗಳು
ಫೈರ್‌ಫಾಕ್ಸ್‌ನಲ್ಲಿ ಪುಟ ರಿಫ್ರೆಶ್ ಮಾಡಿದರೆ ಹಿಂದಿನ ಟಿಕ್‌ಗಳು ಹಾಗೇ ಉಳಿಯುತ್ತವೆ. ಆಗ ಮೇಲಿನ "ಎಲ್ಲವೂ" ಬಾಕ್ಸ್‌ನ ಅಡ್ಡಗೆರೆ ಸರಿಯಾಗಿ ಬರಬೇಕಾದರೆ ಪುಟ ತೆರೆದಾಗಲೂ ಒಮ್ಮೆ ಎಣಿಸಬೇಕು, ಚೇಂಜ್‌ಗೆ ಕಾಯಬಾರದು. ಬೇಡವೆಂದರೆ ಫಾರ್ಮ್‌ಗೆ ಆಟೋಕಂಪ್ಲೀಟ್ ಆಫ್ ಕೊಡಿ.

ಪೆರ್ಲದವ
ಎಲ್ಲವನ್ನೂ ಸೇರಿಸಿದೆ, ಎರಡೂ ಗುಂಪು ಬೇರೆ ಬೇರೆ ನಡೆಯುತ್ತಿದೆ. ಒಂದು ಉಳಿದಿದೆ. ಕಲಿಕೆಯಲ್ಲಿ ಕನಿಷ್ಠ ಒಂದಾದರೂ ಟಿಕ್ ಆಗಲೇಬೇಕು. ರಿಕ್ವೈರ್ಡ್ ಕೊಟ್ಟರೆ ಆರಕ್ಕೆ ಆರೂ ಟಿಕ್ ಮಾಡು ಅಂತ ಹಠ ಮಾಡುತ್ತದೆ.

ಆದೋನಿ ಹತ್ತಿ
ಹೌದು. ರೇಡಿಯೋ ಆದರೆ ರಿಕ್ವೈರ್ಡ್ ಇಡೀ ಗುಂಪಿಗೆ ಅನ್ವಯಿಸುತ್ತದೆ, ಚೆಕ್‌ಬಾಕ್ಸ್‌ಗೆ ಪ್ರತಿಯೊಂದಕ್ಕೂ ಬೇರೆ ಬೇರೆ. ಅದನ್ನು ತೆಗೆಯಿರಿ. ಗುಂಪಿನ ಮೊದಲ ಬಾಕ್ಸ್‌ಗೆ ಸೆಟ್‌ಕಸ್ಟಮ್‌ವ್ಯಾಲಿಡಿಟಿ ಬಳಸಿ "ಒಂದನ್ನಾದರೂ ಆರಿಸಿ" ಅಂತ ಕೊಡಿ. ಪುಟ ತೆರೆದಾಗ ಒಮ್ಮೆ, ಪ್ರತಿ ಚೇಂಜ್‌ನಲ್ಲಿ ಒಮ್ಮೆ, :ಚೆಕ್ಡ್ ಪಟ್ಟಿಯ ಉದ್ದ ನೋಡಬೇಕು. ಸೊನ್ನೆ ಇದ್ದರೆ ಆ ಮಾತು, ಇಲ್ಲದಿದ್ದರೆ ಖಾಲಿ ಸ್ಟ್ರಿಂಗ್. ಖಾಲಿ ಸ್ಟ್ರಿಂಗ್ ಕೊಡಲು ಮರೆತರೆ ಟಿಕ್ ಮಾಡಿದ ಮೇಲೂ ಫಾರ್ಮ್ ಹೋಗುವುದೇ ಇಲ್ಲ.

ಮೀಂಜದ ಮಗಳು
ಆ ಮಾತು ಎರಡು ಭಾಷೆಯಲ್ಲೂ ಇರಲಿ.

ತಾಳವಾಡಿ ಹುಡುಗ
ಜೊತೆಗೆ ಪಿಎಚ್‌ಪಿಯಲ್ಲೂ ಪರೀಕ್ಷಿಸಿ. ಒಂದೂ ಟಿಕ್ ಇಲ್ಲದಿದ್ದರೆ ಅಲ್ಲಿಗೆ ಖಾಲಿ ಪಟ್ಟಿ ಬರುವುದಿಲ್ಲ, ಕಲಿಕೆ ಎಂಬ ಕೀಯೇ ಇರುವುದಿಲ್ಲ. ಮೊದಲು ಇಸ್‌ಸೆಟ್ ನೋಡಿ, ಆಮೇಲೆ ಎಣಿಸಿ.